ಅಂಗಿಯ ಮೇಲೆ ಊರಿನ ಹೆಸರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಊರುಗಳಲ್ಲಿ ಜಾತ್ರೆ ಎಂದರೆ ತೇರಿನಷ್ಟೇ ಕುಸ್ತಿಯೂ ಮುಖ್ಯ. ಜಾತ್ರೆಗೆ ವಾರವಿರುವಾಗಲೇ 'ಜಂಗೀ ನಿಕಾಲಿ ಕುಸ್ತಿ'ಗಳ ಹ್ಯಾಂಡ್‌ಬಿಲ್ಲು ಬಸ್‌ಸ್ಟ್ಯಾಂಡಿನ ಗೋಡೆಗೂ ಚಹದಂಗಡಿಯ ಕಂಬಕ್ಕೂ ಅಂಟಿಕೊಳ್ಳುತ್ತದೆ. ಅದರಲ್ಲಿ ಪೈಲ್ವಾನರ ಹೆಸರು ಕೆಳಗೆ. ಕಮಿಟಿಯ ಅಧ್ಯಕ್ಷರು, ಬಹುಮಾನ ಕೊಡುವ ಸಾಹುಕಾರರು, ಅವರ ಭಾವಚಿತ್ರಗಳು ಮೇಲೆ. ಗೆದ್ದವನಿಗೆ ಅಖಾಡದಲ್ಲಿ ಪಟಗಾ ಸುತ್ತಿದ ಕೈಗಳೇ ಮುಂದೊಂದು ದಿನ ಪುರಸಭೆಯ ವಾರ್ಡಿನಲ್ಲಿ ಮನೆಮನೆಯ ಮುಂದೆ ಜೋಡಿಸಿಕೊಂಡು ನಿಂತರೆ ಯಾರೂ ಹುಬ್ಬೇರಿಸುವುದಿಲ್ಲ.

ಊರಿನ ಆಟವನ್ನು ಸಾಕಿದವನು ಊರನ್ನೂ ಸಾಕಿಯಾನು ಎಂಬ ನಂಬಿಕೆ ಈ ಭಾಗಕ್ಕೆ ಸಂಸ್ಥಾನಗಳ ಕಾಲದಿಂದ ಬಂದದ್ದು. ಕೊಲ್ಹಾಪುರದ ಶಾಹೂ ಮಹಾರಾಜರು ಪೈಲ್ವಾನರಿಗೆ ಆಶ್ರಯ ಕೊಟ್ಟರು, ಖಾಸಬಾಗ್ ಮೈದಾನವನ್ನು ಕಟ್ಟಿಸಿದರು. ಅರಸರು ಹೋದರು, ಅವರು ಕೂರುತ್ತಿದ್ದ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಅಧ್ಯಕ್ಷರು ಕೂತರು. ಆಟದ ಮೇಲಿನ ಪ್ರೀತಿ ಆಟ ಆಡಿಸುವವನ ಮೇಲೂ ಹರಿಯುತ್ತದೆ. ಆ ಪ್ರೀತಿಗೆ ಒಂದು ವಿಶೇಷ ಗುಣವಿದೆ. ಅದು ಲೆಕ್ಕ ಕೇಳುವುದಿಲ್ಲ.

ಯುರೋಪಿನಲ್ಲಿ ಕುಸ್ತಿಯ ಈ ಸ್ಥಾನ ಫುಟ್‌ಬಾಲಿನದು. ಅಲ್ಲಿ ಕ್ಲಬ್ಬಿನ ಅಧ್ಯಕ್ಷರಾಗಿದ್ದು ರಾಜಕೀಯಕ್ಕೆ ಇಳಿದವರು ಹಲವರು. ಇಟಲಿಯ ಸಿಲ್ವಿಯೊ ಬೆರ್ಲುಸ್ಕೋನಿ 1986ರಲ್ಲಿ ಮಿಲಾನ್ ಕ್ಲಬ್ಬನ್ನು ಕೊಂಡ. 1994ರಲ್ಲಿ ಮೈದಾನದ ಘೋಷಣೆಯಂತೆ ಕೇಳಿಸುವ 'ಫೋರ್ಜಾ ಇಟಾಲಿಯಾ' ಎಂಬ ಹೆಸರಿನ ಪಕ್ಷ ಕಟ್ಟಿ ಪ್ರಧಾನಿಯಾದ. ಅಟ್ಲಾಂಟಿಕ್ ದಾಟಿದರೆ, ಅರ್ಜೆಂಟೀನಾದ ಮಾವುರಿಸಿಯೊ ಮಾಕ್ರಿ 1995ರಿಂದ ಬೋಕಾ ಜೂನಿಯರ್ಸ್ ಕ್ಲಬ್ಬಿನ ಅಧ್ಯಕ್ಷನಾಗಿದ್ದು, 2007ರಲ್ಲಿ ಬ್ಯೂನಸ್ ಐರಿಸ್ ನಗರದ ಆಡಳಿತಕ್ಕೆ, 2015ರಲ್ಲಿ ದೇಶದ ಅಧ್ಯಕ್ಷ ಪದವಿಗೆ ಏರಿದ. ಇಷ್ಟು ದೂರ ಹೋಗಲೂ ಬೇಕಿಲ್ಲ. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ, ಚರ್ಚಿಲ್ ಬ್ರದರ್ಸ್ ಫುಟ್‌ಬಾಲ್ ತಂಡದ ಮನೆತನದ ಚರ್ಚಿಲ್ ಅಲೆಮಾವೊ 1990ರಲ್ಲಿ ಕೆಲವೇ ದಿನಗಳ ಮಟ್ಟಿಗೆ ಮುಖ್ಯಮಂತ್ರಿಯಾಗಿದ್ದರು. ಆದರೆ ಕ್ಲಬ್ಬಿನ ಅಧ್ಯಕ್ಷಗಿರಿಯನ್ನೂ ಒಂದು ಸಣ್ಣ ಊರಿನ ಮೇಯರ್ ಗಿರಿಯನ್ನೂ ಒಟ್ಟಿಗೇ ಹಿಡಿದು, ಎರಡರ ನಡುವಿನ ಗೆರೆಯನ್ನೇ ಅಳಿಸಿಹಾಕಿದ ಮನುಷ್ಯ ಸ್ಪೇನ್ ದೇಶದ ಹೆಸೂಸ್ ಹಿಲ್. ಇಂಗ್ಲಿಷ್ ಅಕ್ಷರಗಳಲ್ಲಿ ನೋಡಿದರೆ 'ಗಿಲ್' ಎಂದು ಓದಬೇಕೆನಿಸುವ ಹೆಸರು ಸ್ಪ್ಯಾನಿಷ್ ಬಾಯಲ್ಲಿ 'ಹಿಲ್' ಆಗುತ್ತದೆ. ಆತ ಆಳಿದ ಊರು ಮಾರ್ಬೆಯಾ. 1991ರಲ್ಲಿ ಅದರ ಜನಸಂಖ್ಯೆ ಸುಮಾರು 80 ಸಾವಿರ. 2011ರ ಜನಗಣತಿಯ ಲೆಕ್ಕದಲ್ಲಿ ಬೈಲಹೊಂಗಲ, ರಾಮದುರ್ಗ ಪಟ್ಟಣಗಳೆರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅಷ್ಟು ಸಣ್ಣ ಊರಿನ ಆಡಳಿತ ಒಂದು ದೇಶದ ಸರ್ವೋಚ್ಚ ನ್ಯಾಯಾಲಯವನ್ನೂ ಮಂತ್ರಿಮಂಡಲವನ್ನೂ ವರ್ಷಗಟ್ಟಲೆ ಕಾಡಿತು.

ಹಿಲ್ ಹುಟ್ಟಿದ್ದು 1933ರ ಮಾರ್ಚ್ 12ರಂದು, ಸೋರಿಯಾ ಪ್ರಾಂತದ ಎಲ್ ಬುರ್ಗೊ ದೆ ಓಸ್ಮಾ ಎಂಬ ಪುಟ್ಟ ಊರಿನಲ್ಲಿ. ಹರೆಯದಲ್ಲಿ ಮ್ಯಾಡ್ರಿಡ್ಡಿಗೆ ಬಂದು, ಓದು ಅರ್ಧಕ್ಕೆ ಬಿಟ್ಟು, ಹಳೆಯ ಲಾರಿಗಳನ್ನೂ ಅವುಗಳ ಬಿಡಿಭಾಗಗಳನ್ನೂ ಕೊಂಡು ಮಾರುವ ದಂಧೆಗೆ ಇಳಿದ. ಅಲ್ಲಿಂದ ಕಟ್ಟಡದ ವ್ಯವಹಾರಕ್ಕೆ ಜಿಗಿದ. ಅದು ಜನರಲ್ ಫ್ರಾಂಕೋನ ಸರ್ವಾಧಿಕಾರದ ಕಾಲ. ಪ್ರವಾಸೋದ್ಯಮ ಏರುತ್ತಿತ್ತು, ಸಿಮೆಂಟಿಗೆ ಬೇಡಿಕೆಯಿತ್ತು, ಕೇಳುವವರು ಕಡಿಮೆ ಇದ್ದರು. ಮ್ಯಾಡ್ರಿಡ್ಡಿಗೆ ಹತ್ತಿರದ ಸೆಗೋವಿಯಾ ಪ್ರಾಂತದ ಗುಡ್ಡಗಳಲ್ಲಿ 'ಲೋಸ್ ಆಂಹೆಲೆಸ್ ದೆ ಸಾನ್ ರಫಾಯೆಲ್' ಎಂಬ ವಿಹಾರ ವಸತಿಯನ್ನು ಆತ ಕಟ್ಟತೊಡಗಿದ.

1969ರ ಜೂನ್ 15ರಂದು ಅಲ್ಲಿನ ಹೊಸ ಊಟದ ಸಭಾಂಗಣದಲ್ಲಿ ಒಂದು ಅಂಗಡಿ ಸರಪಳಿಯ ದೊಡ್ಡ ಸಮಾವೇಶ ನಡೆದಿತ್ತು. ಜನ ಊಟಕ್ಕೆ ಕೂತಿದ್ದಾಗ ನೆಲವೇ ಕುಸಿಯಿತು. 58 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕಟ್ಟಡಕ್ಕೆ ವಾಸ್ತುಶಿಲ್ಪಿಯ ನಕಾಶೆ ಇರಲಿಲ್ಲ. ಕಾಂಕ್ರೀಟು ಸರಿಯಾಗಿ ಗಟ್ಟಿಯಾಗುವ ಮುನ್ನವೇ ಬಾಗಿಲು ತೆರೆದಿದ್ದರು. ನ್ಯಾಯಾಲಯ ಹಿಲ್‌ಗೆ ಐದು ವರ್ಷಗಳ ಸಜೆ ವಿಧಿಸಿತು. ಅವಧಿ ಮುಗಿಯುವ ಬಹಳ ಮೊದಲೇ ಫ್ರಾಂಕೋ ಕ್ಷಮಾದಾನ ಕೊಟ್ಟ. ಹೊರಬಂದ ಹಿಲ್ ಅದೇ ವ್ಯವಹಾರಕ್ಕೆ ಮರಳಿದ. ಆತನ ಮುಂದಿನ ಬದುಕನ್ನೆಲ್ಲ ನಗೆಯ ಪ್ರಸಂಗಗಳಾಗಿ ಹೇಳುವವರು ಈ 58 ಜನರನ್ನು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ನಕಾಶೆಯಿಲ್ಲದೆ ಕಟ್ಟುವುದು, ಆಮೇಲೆ ಮೇಲಿನವರಿಂದ ಮಾಫಿ ಪಡೆಯುವುದು, ಈ ಎರಡು ಪಾಠಗಳನ್ನು ಆತ ಕಲಿತದ್ದು ಆಗಲೇ ಇರಬೇಕು.

ಅಟ್ಲೆಟಿಕೊ ಮ್ಯಾಡ್ರಿಡ್ ಆ ನಗರದ ಎರಡನೆಯ ಕ್ಲಬ್ಬು. ಮೊದಲನೆಯದು ರಿಯಲ್ ಮ್ಯಾಡ್ರಿಡ್. ಅದಕ್ಕೆ ಹಣ, ಕಪ್ಪುಗಳು, ಕೀರ್ತಿ ಎಲ್ಲವೂ ಇದ್ದವು. ಅಟ್ಲೆಟಿಕೊದ ಅಭಿಮಾನಿಗಳಿಗೆ ಸೋಲು ರೂಢಿಯಾಗಿತ್ತು, ಸೋತರೂ ಬಿಡದ ನಿಷ್ಠೆಯೇ ಅವರ ಹೆಮ್ಮೆಯಾಗಿತ್ತು. ಆ ದಿನಗಳಲ್ಲಿ ಸ್ಪೇನಿನ ಕ್ಲಬ್ಬುಗಳು ಸದಸ್ಯರ ಸಂಘಗಳು. ನಮ್ಮ ಸೀಮೆಯವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಎಂ.ಕೆ. ಹುಬ್ಬಳ್ಳಿಯ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಬೆಳೆಗಾರರು ಹೇಗೆ ಸದಸ್ಯರೋ ಹಾಗೆ ಕ್ಲಬ್ಬಿಗೆ ಅಭಿಮಾನಿಗಳು ಸದಸ್ಯರು. ಅವರು ವರ್ಗಣಿ ಕೊಡುತ್ತಾರೆ, ಅಧ್ಯಕ್ಷನನ್ನು ಆರಿಸುತ್ತಾರೆ. 1987ರ ಜೂನ್ ತಿಂಗಳಲ್ಲಿ ಅಂಥ ಚುನಾವಣೆ ಬಂತು. ಹಿಲ್ ಅಭ್ಯರ್ಥಿಯಾದ. ಭಾಷಣಗಳ ಜತೆಗೆ ಒಬ್ಬ ಆಟಗಾರನನ್ನೂ ತಂದ. ಪೋರ್ಚುಗಲ್ಲಿನ ಪಾವ್ಲೊ ಫುಟ್ರೆ ಎಂಬ ಎಡಗಾಲಿನ ಚತುರ ಆಗಷ್ಟೇ ಪೋರ್ಟೊ ಕ್ಲಬ್ಬಿನ ಪರವಾಗಿ ಯುರೋಪಿಯನ್ ಕಪ್ ಗೆದ್ದಿದ್ದ. ಮತದಾನಕ್ಕೆ ಮುನ್ನವೇ ಹಿಲ್ ಅವನನ್ನು ಮ್ಯಾಡ್ರಿಡ್ಡಿಗೆ ಕರೆತಂದು ಸದಸ್ಯರ ಮುಂದೆ ನಿಲ್ಲಿಸಿದ. ಪ್ರಣಾಳಿಕೆ ಓದಲು ಯಾರಿಗೂ ಪುರಸೊತ್ತಿರಲಿಲ್ಲ. ಹಿಲ್ ಗೆದ್ದ.

ಕ್ಲಬ್ಬನ್ನು ನಡೆಸಿದ ರೀತಿಯಲ್ಲೇ ಆತ ಊರನ್ನೂ ನಡೆಸಿದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. ತಂಡ ಸೋತರೆ ತರಬೇತುದಾರನ ಕೆಲಸ ಹೋಯಿತು. ಅರ್ಜೆಂಟೀನಾಕ್ಕೆ 1978ರ ವಿಶ್ವಕಪ್ ಗೆದ್ದುಕೊಟ್ಟ ಸೆಸಾರ್ ಲೂಯಿಸ್ ಮೆನೋಟ್ಟಿಯಂಥ ದೊಡ್ಡ ಗುರುವಿಗೂ ಮೊದಲ ವರ್ಷ ಪೂರೈಸಲು ಬಿಡಲಿಲ್ಲ. ಹದಿನಾರು ವರ್ಷಗಳ ಅಧ್ಯಕ್ಷತೆಯಲ್ಲಿ ತರಬೇತುದಾರರ ಬದಲಾವಣೆ ಸುಮಾರು ನಲವತ್ತು ಬಾರಿ ಆಯಿತು. ಖರ್ಚು ಉಳಿಸಲೆಂದು 1992ರಲ್ಲಿ ಹುಡುಗರ ತರಬೇತಿ ಶಾಲೆಯನ್ನೇ ಮುಚ್ಚಿಸಿದ. ಅಲ್ಲಿ ಕಲಿಯುತ್ತಿದ್ದ ರಾವುಲ್ ಗೊನ್ಸಾಲೆಸ್ ಎಂಬ ಹದಿನೈದರ ಹುಡುಗ ಎದುರಾಳಿ ರಿಯಲ್ ಮ್ಯಾಡ್ರಿಡ್ ಸೇರಿದ. ಎರಡು ವರ್ಷ ಕಳೆದು 1994ರಲ್ಲಿ ತನ್ನ ಮೊದಲ ಲೀಗ್ ಗೋಲನ್ನು ಅಟ್ಲೆಟಿಕೊ ವಿರುದ್ಧವೇ ಹೊಡೆದ. ರಿಯಲ್ ಮ್ಯಾಡ್ರಿಡ್ಡಿನ ಇತಿಹಾಸದ ಬಹು ದೊಡ್ಡ ಹೆಸರುಗಳಲ್ಲಿ ಒಂದಾಗಿ ಅವನು ಬೆಳೆದ. ಉಳಿತಾಯದ ಲೆಕ್ಕ ಹೀಗೂ ಇರುತ್ತದೆ.

ಅದೇ 1992ರಲ್ಲಿ ಕ್ಲಬ್ಬಿನ ಒಡೆತನವೇ ಬದಲಾಯಿತು. ಸಾಲದಲ್ಲಿ ಮುಳುಗಿದ್ದ ಫುಟ್‌ಬಾಲ್ ಕ್ಲಬ್ಬುಗಳು ಷೇರು ಕಂಪನಿಗಳಾಗಬೇಕೆಂದು ಸ್ಪೇನ್ ಸರ್ಕಾರ 1990ರಲ್ಲಿ ಕಾಯಿದೆ ಮಾಡಿತ್ತು. ಸಾಲವಿಲ್ಲದ ನಾಲ್ಕು ಕ್ಲಬ್ಬುಗಳಿಗೆ ಮಾತ್ರ ವಿನಾಯಿತಿ. ಅಟ್ಲೆಟಿಕೊದ ಷೇರು ಬಂಡವಾಳ 200 ಕೋಟಿ ಪೆಸೆಟಾಕ್ಕೂ ಮೇಲೆ ನಿಗದಿಯಾಯಿತು. ಸದಸ್ಯರ ಸಂಘವಾಗಿದ್ದದ್ದು ಗಡುವಿನ ದಿನ ಮುಗಿಯುವಷ್ಟರಲ್ಲಿ ಶೇಕಡ 95ರಷ್ಟು ಹಿಲ್ ಮತ್ತು ಅವನ ಸಹವರ್ತಿ ಎನ್ರಿಕೆ ಸೆರೇಸೊ ಅವರ ಕೈಯಲ್ಲಿತ್ತು. ಈ ಷೇರುಗಳಿಗೆ ನಿಜವಾದ ಹಣ ಬಂದೇ ಇರಲಿಲ್ಲ ಎಂದು ಸ್ಪೇನಿನ ಸುಪ್ರೀಂ ಕೋರ್ಟು 2004ರಲ್ಲಿ ಕಂಡುಕೊಂಡಿತು. ಅಪರಾಧ ನಡೆದದ್ದು ದಿಟ, ಆದರೆ ಮೊಕದ್ದಮೆಯ ಕಾಲಮಿತಿ ಮೀರಿಹೋಗಿದೆ ಎಂಬುದು ತೀರ್ಪು. ಅಷ್ಟು ಹೊತ್ತಿಗೆ ಹಿಲ್ ಸತ್ತು ತಿಂಗಳಾಗಿತ್ತು.

ಇನ್ನು ಊರಿನ ವಿಷಯ. ಮಾರ್ಬೆಯಾ ಸ್ಪೇನಿನ ದಕ್ಷಿಣ ಕಡಲತೀರದ ಹಳೆಯ ಬೆಸ್ತರ ಊರು. 1954ರಲ್ಲಿ ಅಲ್ಫೊನ್ಸೊ ಎಂಬ ರಾಜಕುಮಾರ ಅಲ್ಲೊಂದು ಹೋಟೆಲು ತೆರೆದ. 1970ರಲ್ಲಿ ವಿಹಾರ ನೌಕೆಗಳ ಬಂದರು ಬಂತು. ಅರಬ್ ದೊರೆಗಳು, ಸಿನಿಮಾ ತಾರೆಯರು ಬಂದರು. 1980ರ ದಶಕದ ಕೊನೆಗೆ ಆ ಹೊಳಪು ಮಾಸಿತ್ತು. ಬೀದಿಗಳಲ್ಲಿ ಕಸ, ಮೂಲೆಗಳಲ್ಲಿ ಮಾದಕ ದ್ರವ್ಯ, ಸಂಜೆಯಾದರೆ ಕಳ್ಳತನದ ಭಯ. ಪ್ರವಾಸಿಗಳು ಕಡಿಮೆಯಾಗಿದ್ದರು. ಹಿಲ್ ಅಲ್ಲಿ ಜಮೀನು ಕೊಂಡು ಕಟ್ಟಡ ಎಬ್ಬಿಸುತ್ತಿದ್ದ. ಊರು ಇಳಿದರೆ ಅವನ ಆಸ್ತಿಯ ಬೆಲೆಯೂ ಇಳಿಯುತ್ತಿತ್ತು. ಪರವಾನಿಗೆ ಕೊಡುವ ಪುರಸಭೆಗೆ ದಿನವೂ ಅಲೆಯುವುದಕ್ಕಿಂತ ಪುರಸಭೆಯನ್ನೇ ಹಿಡಿಯುವುದು ಮೇಲು ಎಂದು ಅವನಿಗೆ ಹೊಳೆದದ್ದು ಸಹಜವೇ.

ಆತ ಕಟ್ಟಿದ ಪಕ್ಷದ ಹೆಸರು 'ಗ್ರೂಪೊ ಇಂಡಿಪೆಂದಿಯೆಂತೆ ಲಿಬೆರಾಲ್', ಅಂದರೆ ಸ್ವತಂತ್ರ ಉದಾರವಾದಿ ಗುಂಪು. ಈ ಮೂರು ಪದಗಳ ಮೊದಲಕ್ಷರ ಕೂಡಿಸಿದರೆ ಅವನದೇ ಹೆಸರು ಬರುತ್ತದೆ. 1991ರ ಮೇ 26ರ ಚುನಾವಣೆಯಲ್ಲಿ ಈ ಗುಂಪು 25 ಸ್ಥಾನಗಳಲ್ಲಿ 19 ಗೆದ್ದಿತು. 1995ರಲ್ಲಿ, 1999ರಲ್ಲಿ ಮತ್ತೆ ಪೂರ್ಣ ಬಹುಮತ. ಇದು ಮೋಸದ ಚುನಾವಣೆಯಲ್ಲ. ಜನ ಮನಸಾರೆ ಕೊಟ್ಟ ಮತ. ಏಕೆ ಕೊಟ್ಟರು ಎಂಬುದನ್ನು ತಿಳಿಯದೆ ಹಿಲ್ ಕಥೆ ಅರ್ಥವಾಗುವುದಿಲ್ಲ.

ಬೀದಿಗಳು ಸ್ವಚ್ಛವಾದವು. ಪೊಲೀಸರ ಸಂಖ್ಯೆ ಏರಿತು. ಪಾದಚಾರಿಗಳ ದಾರಿಗೆ ಅಮೃತಶಿಲೆ ಹಾಸಿದರು, ತಾಳೆಮರ ನೆಟ್ಟರು. ಸಮುದ್ರದ ಕಡೆಗಿಳಿಯುವ ಬೀದಿಯಲ್ಲಿ ಪ್ರಖ್ಯಾತ ಕಲಾವಿದ ಸಾಲ್ವದೋರ್ ದಾಲಿಯ ಕಂಚಿನ ಪ್ರತಿಮೆಗಳು ನಿಂತವು. ಊರ ಹೊರಗಿನ ಹೆದ್ದಾರಿಯ ಮೇಲೆ 'ಮಾರ್ಬೆಯಾ' ಎಂದು ಬರೆದ ದೊಡ್ಡ ಕಮಾನು ಎದ್ದಿತು. ಪೂರ್ವದ ಮೇಯರುಗಳ ಕಾಲದಲ್ಲಿ ಒಂದು ಚರಂಡಿ ದುರಸ್ತಿಗೆ ಕಾದು ಸಾಕಾಗಿದ್ದ ಜನರಿಗೆ ಇದು ಪವಾಡದಂತೆ ಕಂಡಿತು. ಬೀದಿಯಲ್ಲಿ ನಿಲ್ಲುತ್ತಿದ್ದ ವೇಶ್ಯೆಯರನ್ನೂ ಭಿಕ್ಷುಕರನ್ನೂ ವ್ಯಸನಿಗಳನ್ನೂ ಊರಿನಿಂದ ಹೊರಗೆ ಅಟ್ಟಿದರು. ಅಟ್ಟಿಸಿಕೊಂಡವರು ಎಲ್ಲಿ ಹೋದರೆಂದು ಮತದಾರರಲ್ಲಿ ಹೆಚ್ಚಿನವರು ಕೇಳಲಿಲ್ಲ.

ಹಿಲ್‌ಗೆ ಮಾತು ಬರುತ್ತಿತ್ತು; ಅದೂ ಬೀದಿಯ ಮಾತು. ಬೈಗುಳಕ್ಕೆ ಹಿಂದೆಮುಂದೆ ನೋಡುತ್ತಿರಲಿಲ್ಲ. ಸ್ಥೂಲದೇಹದ ಮೇಯರು 1991ರ ಬೇಸಿಗೆಯಲ್ಲಿ ಟೆಲಿವಿಷನ್ನಿನಲ್ಲಿ ಕಾರ್ಯಕ್ರಮವೊಂದನ್ನೇ ನಡೆಸಿದ: ಬಿಸಿನೀರ ತೊಟ್ಟಿಯಲ್ಲಿ ಈಜುಡುಗೆಯ ಯುವತಿಯರ ನಡುವೆ ಕುಳಿತು ಲೋಕದ ಆಗುಹೋಗುಗಳ ಬಗ್ಗೆ ಅಭಿಪ್ರಾಯ ಕೊಡುವುದು. ಆ ಚಾನೆಲ್ಲಿನ ಮಾಲೀಕರಲ್ಲಿ ಬೆರ್ಲುಸ್ಕೋನಿಯೂ ಒಬ್ಬ ಎಂಬುದನ್ನು ಇಲ್ಲಿ ನೆನೆಯಬಹುದು. 'ಇಂಪೆರಿಯೋಸೊ' ಎಂಬ ತನ್ನ ಬಿಳಿ ಕುದುರೆಯೊಂದಿಗೆ ಸಮಾಲೋಚಿಸಿ ತೀರ್ಮಾನ ತೆಗೆದುಕೊಳ್ಳುವುದಾಗಿ ಹೇಳಿಕೊಳ್ಳುತ್ತಿದ್ದ. 1996ರಲ್ಲಿ ಫುಟ್‌ಬಾಲ್ ಲೀಗಿನ ಕಚೇರಿಯ ಬಾಗಿಲಲ್ಲೇ, ಕ್ಯಾಮೆರಾಗಳ ಎದುರು, ಇನ್ನೊಂದು ಕ್ಲಬ್ಬಿನ ಅಧಿಕಾರಿಯ ಮುಖಕ್ಕೆ ಗುದ್ದಿದ. ದೇಶ ನಕ್ಕಿತು. ನಗುವಿನ ಹಿಂದೆ ಕಡತಗಳು ತಮ್ಮ ಪಾಡಿಗೆ ಸರಿದಾಡುತ್ತಿದ್ದವು.

ಕಡತಗಳ ದಾರಿ ಹೀಗಿತ್ತು. ಮಾರ್ಬೆಯಾಕ್ಕೆ 1986ರಲ್ಲಿ ಆದ ನಗರ ಯೋಜನೆಯೊಂದು ಇತ್ತು. ಎಲ್ಲಿ ಮನೆ, ಎಲ್ಲಿ ಶಾಲೆ, ಎಲ್ಲಿ ಉದ್ಯಾನ, ಎಷ್ಟು ಅಂತಸ್ತು ಎಲ್ಲವನ್ನೂ ಅದು ಗೊತ್ತುಮಾಡಿತ್ತು. ಹಿಲ್ ತನ್ನದೇ ಇನ್ನೊಂದು ಯೋಜನೆ ಮಾಡಿಸಿದ. ಅದಕ್ಕೆ ಮೇಲಿನ ಆಂದಲೂಸಿಯಾ ಪ್ರಾಂತ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಆದರೂ ಒಪ್ಪಿಗೆಯಾಗಿದೆಯೇನೋ ಎಂಬಂತೆ ಅದರ ಪ್ರಕಾರವೇ ಪರವಾನಿಗೆಗಳನ್ನು ಕೊಡತೊಡಗಿದ. ನಮ್ಮ ಕಡೆ ಎನ್.ಎ. ಆಗದ ಹೊಲದಲ್ಲಿ ಪ್ಲಾಟು ಬಿದ್ದು, ಮನೆ ಎದ್ದು, ಆಮೇಲೆ ಉತಾರಕ್ಕಾಗಿ ಓಡಾಡುವುದನ್ನು ಕಂಡವರಿಗೆ ಇದು ಹೊಸತಲ್ಲ. ವ್ಯತ್ಯಾಸ ಇಷ್ಟೇ, ಮಾರ್ಬೆಯಾದಲ್ಲಿ ಪ್ಲಾಟು ಹಾಕಿಸುತ್ತಿದ್ದುದು ಪುರಸಭೆಯೇ. ಉದ್ಯಾನಕ್ಕೆ ಬಿಟ್ಟ ಜಾಗ, ಶಾಲೆಗೆ ಬಿಟ್ಟ ಜಾಗ ಮನೆಗಳಾದವು. ಕಟ್ಟುವವರೊಂದಿಗೆ ಒಂದೊಂದಾಗಿ ಕರಾರು: ನೀವು ಪುರಸಭೆಗೆ ಇಷ್ಟು ಹಣ ಅಥವಾ ಇಷ್ಟು ಮನೆ ಕೊಡಿ, ನಿಮಗೆ ಇಷ್ಟು ಅಂತಸ್ತು ಹೆಚ್ಚಿಗೆ. ಆ ಹಣ ಪುರಸಭೆಯ ಖಜಾನೆಗೆ ನೇರವಾಗಿ ಬರದೆ, ಪುರಸಭೆಯೇ ಹುಟ್ಟುಹಾಕಿದ ಹಲವು ಕಂಪನಿಗಳ ಮೂಲಕ ಹರಿಯಿತು. ಕಂಪನಿಗಳ ಲೆಕ್ಕವನ್ನು ಸಭೆಯಲ್ಲಿ ಇಡುವ ಕಷ್ಟವಿರಲಿಲ್ಲ. ಇವುಗಳ ಪೈಕಿ ಯೋಜನೆಯ ಕೆಲಸ ನೋಡುವ ಕಂಪನಿಗೆ 1992ರಲ್ಲಿ ಹುವಾನ್ ಅಂತೋನಿಯೊ ರೋಕಾ ಎಂಬಾತ ವ್ಯವಸ್ಥಾಪಕನಾಗಿ ಬಂದ. ಈತ ಒಮ್ಮೆಯೂ ಮೇಯರ್ ಆಗಲಿಲ್ಲ. ಆದರೆ ಮೇಯರುಗಳು ಬದಲಾದರೂ ಈತ ಉಳಿದ.

ಕರ್ನಾಟಕದ ಪುರಸಭೆಯ ಅಧ್ಯಕ್ಷರಿಗೆ ಇಷ್ಟು ಬಲವಿಲ್ಲ. ಅಧ್ಯಕ್ಷ ಸ್ಥಾನ ಮೀಸಲಾತಿಯ ಸರದಿಯಂತೆ ಕೈ ಬದಲಾಗುತ್ತದೆ, ಮುಖ್ಯಾಧಿಕಾರಿ ಸರ್ಕಾರದಿಂದ ಬರುತ್ತಾರೆ. ಇದರಿಂದ ಕೆಲಸ ನಿಧಾನವಾಗುತ್ತದೆ ಎಂಬ ದೂರು ಸವದತ್ತಿಯಲ್ಲೂ ಇದೆ, ರಾಮದುರ್ಗದಲ್ಲೂ ಇದೆ. ಸ್ಪೇನಿನಲ್ಲಿ ಬಹುಮತವಿರುವ ಮೇಯರು ನಾಲ್ಕು ವರ್ಷ ಊರಿನ ಒಡೆಯನಂತೆಯೇ. ಕೆಲಸ ಬೇಗ ಆಗುತ್ತದೆ. ಯಾವ ಕೆಲಸ ಎಂಬುದು ಬೇರೆ ಮಾತು.

ಕ್ಲಬ್ಬೂ ಊರೂ ಒಂದೇ ಕಿಸೆಯಾದದ್ದಕ್ಕೆ ಅತ್ಯಂತ ಕಣ್ಣಿಗೆ ಕಾಣುವ ಸಾಕ್ಷಿ ಆಟಗಾರರ ಅಂಗಿ. 1990ರ ದಶಕದಲ್ಲಿ ಅಟ್ಲೆಟಿಕೊದ ಕೆಂಪು-ಬಿಳಿ ಪಟ್ಟೆಯ ಅಂಗಿಯ ಎದೆಯ ಮೇಲೆ 'ಮಾರ್ಬೆಯಾ' ಎಂದು ಬರೆದಿರುತ್ತಿತ್ತು. ಊರಿಗೆ ಪ್ರಚಾರ ಎಂಬುದು ಸಬೂಬು. 1996ರಲ್ಲಿ ಅದೇ ಅಂಗಿ ತೊಟ್ಟು ತಂಡ ಲೀಗ್ ಮತ್ತು ರಾಜನ ಕಪ್ ಎರಡನ್ನೂ ಒಂದೇ ವರ್ಷ ಗೆದ್ದಿತು. ತರಬೇತುದಾರ ಸರ್ಬಿಯಾದ ರಾಡೊಮಿರ್ ಆಂಟಿಚ್. ಕಪ್ಪಿನ ಅಂತಿಮ ಪಂದ್ಯದಲ್ಲಿ ಬಾರ್ಸಿಲೋನಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಬಂದ ಒಂದೇ ಗೋಲು ಸಾಕಾಯಿತು. ದಶಕಗಳಿಂದ ರಿಯಲ್ ಮ್ಯಾಡ್ರಿಡ್ಡಿನ ನೆರಳಲ್ಲಿ ನಿಂತಿದ್ದ ಅಭಿಮಾನಿಗಳು ಬೀದಿಗಿಳಿದು ಕುಣಿದರು. ಆ ದಿನ ಹಿಲ್ ಮ್ಯಾಡ್ರಿಡ್ಡಿನಲ್ಲೂ ರಾಜ, ಮಾರ್ಬೆಯಾದಲ್ಲೂ ರಾಜ.

ಆದರೆ ಅಂಗಿಯ ಮೇಲಿನ ಆ ಹೆಸರಿಗೆ ಹಣ ಕೊಟ್ಟವರು ಯಾರು? ಮಾರ್ಬೆಯಾದ ಜನ. ಮೇಯರ್ ಹಿಲ್, ಕ್ಲಬ್ಬಿನ ಅಧ್ಯಕ್ಷ ಹಿಲ್ ಜತೆ ವ್ಯವಹಾರ ಕುದುರಿಸಿದ್ದ. ಸುಮಾರು 45 ಕೋಟಿ ಪೆಸೆಟಾ ಪುರಸಭೆಯಿಂದ ಕ್ಲಬ್ಬಿಗೆ ಹೋಗಿತ್ತು. ತನಿಖೆಯ ಕಾಲದಲ್ಲಿ, 1999ರ ಜನವರಿಯಲ್ಲಿ ಆತ ಕೆಲವು ದಿನ ಸೆರೆಮನೆಯಲ್ಲಿದ್ದು ಜಾಮೀನಿನ ಮೇಲೆ ಹೊರಬಂದ. ಅದಾಗಿ ಐದು ತಿಂಗಳಿಗೆ ಚುನಾವಣೆ. ಮಾರ್ಬೆಯಾ ಅವನನ್ನು ಮತ್ತೆ ಆರಿಸಿತು. ಅಷ್ಟೇ ಅಲ್ಲ, ಅವನ ಪಕ್ಷ ಪಕ್ಕದ ಊರುಗಳಿಗೂ, ಸಮುದ್ರದಾಚೆ ಆಫ್ರಿಕಾದ ದಂಡೆಯಲ್ಲಿ ಸ್ಪೇನಿನ ವಶದಲ್ಲಿರುವ ಸೇವ್ಟಾ, ಮೆಲಿಯಾ ನಗರಗಳಿಗೂ ಹಬ್ಬಿತು. ನೆರೆಯ ಎಸ್ತೆಪೋನಾದಲ್ಲಿ 1995ರಲ್ಲಿಯೇ ಅವನ ಮಗ ಮೇಯರ್ ಆಗಿದ್ದ. ಮಾರ್ಬೆಯಾದ ಮತದಾರನಿಗೆ ಆಪಾದನೆಗಳು ತಿಳಿದಿರಲಿಲ್ಲ ಎನ್ನುವಂತಿಲ್ಲ. ದಿನಪತ್ರಿಕೆಗಳ ಮುಖಪುಟದಲ್ಲೇ ಇದ್ದವು. ತಂಡದ ಅಧ್ಯಕ್ಷನ ಮೇಲೆ ಯಾರಾದರೂ ಆಪಾದನೆ ಮಾಡಿದರೆ ಅಭಿಮಾನಿ ಮೊದಲು ಆಪಾದಿಸಿದವನು ಯಾವ ತಂಡದವನು ಎಂದು ನೋಡುತ್ತಾನೆ. ಊರಿನವರೂ ಹಾಗೆಯೇ ನೋಡಿದರು.

ಮೊದಲು ಕುಸಿದದ್ದು ಕ್ಲಬ್ಬು. 1999ರ ಡಿಸೆಂಬರಿನಲ್ಲಿ ನ್ಯಾಯಾಲಯ ಅಟ್ಲೆಟಿಕೊಕ್ಕೆ ಆಡಳಿತಾಧಿಕಾರಿಯನ್ನು ನೇಮಿಸಿತು. ಆ ಋತು ಮುಗಿಯುವಾಗ, 2000ದಲ್ಲಿ, ತಂಡ ಎರಡನೆಯ ದರ್ಜೆಗೆ ಇಳಿಯಿತು. ಮೇಲೇರಲು ಎರಡು ವರ್ಷ ಬೇಕಾಯಿತು. ಅಂಗಿಯ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯ 2000ದಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟು 2002ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು: 28 ವರ್ಷ ಯಾವ ಸಾರ್ವಜನಿಕ ಹುದ್ದೆಯನ್ನೂ ಹಿಡಿಯುವಂತಿಲ್ಲ. ಹಿಲ್‌ಗೆ ಆಗ 69 ವರ್ಷ. ಮೇಯರ್ ಕುರ್ಚಿ ಬಿಟ್ಟ. 2003ರ ಮೇ ತಿಂಗಳಲ್ಲಿ ಕ್ಲಬ್ಬಿನ ಅಧ್ಯಕ್ಷತೆಯನ್ನೂ ಬಿಟ್ಟ. 2004ರ ಮೇ 14ರಂದು ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡ. ಶವಪೆಟ್ಟಿಗೆಯನ್ನು ವಿಸೆಂತೆ ಕಾಲ್ದೆರೋನ್ ಕ್ರೀಡಾಂಗಣದಲ್ಲಿ ಇಟ್ಟಾಗ ಸಾವಿರಾರು ಜನ ಸಾಲುಗಟ್ಟಿ ಬಂದರು. ಬಂದವರಲ್ಲಿ ಬಹಳ ಮಂದಿ ಅತ್ತರು. ಅವರ ಕಣ್ಣೀರು ಸುಳ್ಳಲ್ಲ. ಅವರಿಗೆ 1996ರ ಆ ದಿನವನ್ನು ಕೊಟ್ಟವನು ಆತ.

ಆದರೆ ಊರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿಲ್ ಜಾಗಕ್ಕೆ ಬಂದವನು ಅವನದೇ ಪಕ್ಷದ ಹುಲಿಯಾನ್ ಮುನ್ಯೋಸ್. ಒಂದು ಕಾಲಕ್ಕೆ ಹೋಟೆಲಿನಲ್ಲಿ ಮಾಣಿಯಾಗಿದ್ದವನು. 2003ರ ಚುನಾವಣೆಯಲ್ಲಿ ಅವನೂ ಬಹುಮತ ಪಡೆದ. ಮೂರೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಸ್ವಂತ ಗುಂಪಿನವರೇ ವಿರೋಧ ಪಕ್ಷದ ಕೆಲವರೊಡನೆ ಸೇರಿ ಅವಿಶ್ವಾಸ ಠರಾವು ತಂದು ಕೆಳಗಿಳಿಸಿದರು. ಹೊಸ ಮೇಯರ್ ಮರಿಸೋಲ್ ಯಾಗ್ವೆ. ಈ ಹೊಸ ಮೈತ್ರಿಯಲ್ಲಿ ಇಸಾಬೆಲ್ ಗಾರ್ಸಿಯಾ ಮಾರ್ಕೋಸ್ ಎಂಬ ಸಮಾಜವಾದಿ ಸದಸ್ಯೆಯೂ ಇದ್ದಳು. ಹಿಲ್ ಆಡಳಿತದ ವಿರುದ್ಧ ವರ್ಷಗಟ್ಟಲೆ ಒಂಟಿಯಾಗಿ ದೂರು ಕೊಟ್ಟು, ನ್ಯಾಯಾಲಯದ ಮೆಟ್ಟಿಲು ಹತ್ತಿದವಳು. ಈಗ ಉಪ ಮೇಯರ್ ಆದಳು. 2006ರ ಮಾರ್ಚ್ 29ರಂದು ಪೊಲೀಸರು 'ಮಲಾಯಾ ಕಾರ್ಯಾಚರಣೆ' ನಡೆಸಿ ಮೇಯರಳನ್ನೂ ಇವಳನ್ನೂ ರೋಕಾನನ್ನೂ ಹಿಡಿದಾಗ, ಇವಳ ಮನೆಯಲ್ಲಿ ಲಕ್ಷಗಟ್ಟಲೆ ಯೂರೊ ನಗದು ಸಿಕ್ಕಿತು. ಹಿಲ್ ಕಥೆಯಲ್ಲಿ ಹಿಲ್‌ಗಿಂತ ಹೆಚ್ಚು ಬೇಸರ ತರಿಸುವುದು ಈ ಹೆಂಗಸಿನ ಪಾಡು.

ರೋಕಾನ ಆಸ್ತಿ ನೋಡಿ ಪೊಲೀಸರೇ ದಂಗಾದರು. ಮಹಲುಗಳು, ನೂರಕ್ಕೂ ಹೆಚ್ಚು ಕುದುರೆಗಳು, ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ ಮಿರೋ ಎಂಬ ಮಹಾ ಕಲಾವಿದನ ಚಿತ್ರ. 2013ರ ತೀರ್ಪಿನಲ್ಲಿ ಅವನಿಗೆ 11 ವರ್ಷ ಸಜೆಯಾಯಿತು, ಮುಂದೆ ಸುಪ್ರೀಂ ಕೋರ್ಟು ಅದನ್ನು ಹೆಚ್ಚಿಸಿತು.

2006ರ ಏಪ್ರಿಲ್‌ನಲ್ಲಿ ಸ್ಪೇನಿನ ಮಂತ್ರಿಮಂಡಲ ಮಾರ್ಬೆಯಾ ಪುರಸಭೆಯನ್ನೇ ವಿಸರ್ಜಿಸಿತು. ಪ್ರಜಾಪ್ರಭುತ್ವ ಮರಳಿದ ಮೇಲೆ ಆ ದೇಶದಲ್ಲಿ ಹೀಗೆ ಆದದ್ದು ಅದೇ ಮೊದಲು. 'ಸೂಪರ್‌ಸೀಡ್' ಎಂಬ ಶಬ್ದ ಬೆಳಗಾವಿ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಗಡಿ ವಿವಾದದ ಕಾವಿನಲ್ಲಿ ಬೆಳಗಾವಿ ಮಹಾನಗರ ಪಾಲಿಕೆಯನ್ನು 2005ರಲ್ಲಿ, ಮತ್ತೆ 2011ರಲ್ಲಿ ಸರ್ಕಾರ ಸೂಪರ್‌ಸೀಡ್ ಮಾಡಿತ್ತು. ಅಲ್ಲಿ ಕಾರಣ ಭಾಷೆ ಮತ್ತು ಗಡಿ. ಮಾರ್ಬೆಯಾದಲ್ಲಿ ಕಾರಣ ಬರೀ ಹಣ. ಖಜಾನೆ ಬರಿದಾಗಿತ್ತು, ಪುರಸಭೆಯ ನೌಕರರ ಸಾಮಾಜಿಕ ಭದ್ರತೆಯ ವಂತಿಗೆಯನ್ನು ಕಟ್ಟದೆ ವರ್ಷಗಳಾಗಿದ್ದವು. ಅಮೃತಶಿಲೆ ಹಾಸಿದ ಬೀದಿ ಗುಡಿಸುವವರ ಪಿಂಚಣಿಯ ಹಣವೂ ಅದರಲ್ಲಿತ್ತು.

ಉಳಿದದ್ದು ಮನೆಗಳ ಪ್ರಶ್ನೆ. 1986ರ ಯೋಜನೆಗೆ ವಿರುದ್ಧವಾಗಿ ಎದ್ದ ಸಾವಿರಾರು ಮನೆಗಳಲ್ಲಿ ಜನ ವಾಸವಾಗಿದ್ದರು. ಬಹುಪಾಲು ಮಂದಿ ಪುರಸಭೆಯ ಮೊಹರು ಇರುವ ಪರವಾನಿಗೆ ನೋಡಿಯೇ ಕೊಂಡವರು. ಅವರಲ್ಲಿ ಬ್ರಿಟನ್ನಿನಿಂದ ನಿವೃತ್ತರಾಗಿ ಬಂದವರೂ ಇದ್ದರು. ಮನೆ ಕೆಡವುವುದೇ, ಬಿಡುವುದೇ? ಹೊಸ ಆಡಳಿತ 2010ರಲ್ಲಿ ಮತ್ತೊಂದು ನಗರ ಯೋಜನೆ ಮಾಡಿ ಹದಿನಾರು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕ್ರಮಬದ್ಧಗೊಳಿಸಿತು. ಕರ್ನಾಟಕದವರ ಮಾತಿನಲ್ಲಿ ಹೇಳುವುದಾದರೆ ಅಕ್ರಮ-ಸಕ್ರಮ. ಇಲ್ಲಿಯ ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ತಡೆ ಬಿದ್ದಂತೆ, ಅಲ್ಲಿಯದಕ್ಕೆ 2015ರಲ್ಲಿ ಅವರ ಸುಪ್ರೀಂ ಕೋರ್ಟಿನ ಏಟು ಬಿತ್ತು. ನಗರ ಯೋಜನೆ ಇರುವುದು ಊರಿನ ಮುಂದಿನ ದಿನಗಳಿಗಾಗಿ, ಆಗಿಹೋದ ಅಕ್ರಮವನ್ನು ಮುಚ್ಚುವುದಕ್ಕಲ್ಲ ಎಂದು ನ್ಯಾಯಾಧೀಶರು ಅದನ್ನು ಪೂರ್ತಿ ರದ್ದುಮಾಡಿದರು. ಮಾರ್ಬೆಯಾ ಮತ್ತೆ 1986ರ ಯೋಜನೆಗೆ, ಹಿಲ್ ಬರುವ ಐದು ವರ್ಷ ಮೊದಲಿನ ಹಾಳೆಗಳಿಗೆ, ಮರಳಿತು. ಆ ಹಾಳೆಗಳಲ್ಲಿ ಉದ್ಯಾನವೆಂದು ಹಸಿರು ಬಳಿದ ಜಾಗದಲ್ಲಿ ಯಾರದೋ ಅಡುಗೆಮನೆ ಇತ್ತು, ಯಾರದೋ ಮಲಗುವ ಕೋಣೆ ಇತ್ತು, ಬ್ಯಾಂಕಿಗೆ ತಿಂಗಳ ಕಂತು ಕಟ್ಟುತ್ತಿದ್ದವರು ಅವುಗಳಲ್ಲಿ ವಾಸವಾಗಿದ್ದರು.